ಪೂರ್ವ ಏಷ್ಯಾದ ಸಾಹಿತ್ಯ ಮತ್ತು ಸಿನಿಮಾ: ಮೊದಲ ತರಗತಿಯನ್ನು ನಡೆಸುವ ಬಗೆ

ಸ್ನಾತಕೋತ್ತರ ವಿಭಾಗಗಳಲ್ಲಿ ಐಚ್ಛಿಕ ಪತ್ರಿಕೆಯೊಂದರ ಮೊದಲ ತರಗತಿಯು ಸಾಮಾನ್ಯವಾಗಿ ಪಠ್ಯಕ್ರಮದ ಹಾಳೆ ಹಂಚುವುದರಲ್ಲಿ, ಹಾಜರಾತಿ ಮತ್ತು ಆಂತರಿಕ ಅಂಕಗಳ ನಿಯಮ ಹೇಳುವುದರಲ್ಲಿ ಮುಗಿದುಹೋಗುತ್ತದೆ. ಪತ್ರಿಕೆಯ ಹೆಸರು ‘ಪೂರ್ವ ಏಷ್ಯಾದ ಸಾಹಿತ್ಯ ಮತ್ತು ಸಿನಿಮಾ’ ಎಂದಿದ್ದರೆ ಇದಕ್ಕೆ ಇನ್ನೊಂದು ಅಪಾಯವೂ ಸೇರಿಕೊಳ್ಳುತ್ತದೆ. ಬೋಧಕರು ಗೋಡೆಗೆ ಭೂಪಟ ತೂಗುಹಾಕಿ, ಕನ್‌ಫ್ಯೂಷಿಯಸ್‌ನಿಂದ ಹೊರಟು ಇಂದಿನ ಕೊರಿಯನ್ ಧಾರಾವಾಹಿಗಳವರೆಗಿನ ಎರಡೂವರೆ ಸಾವಿರ ವರ್ಷಗಳನ್ನು ಒಂದೂವರೆ ಗಂಟೆಯಲ್ಲಿ ದಾಟಿಸಲು ಹೊರಡುತ್ತಾರೆ. ನಾನೂ ಮೊದಲ ಸಲ ಹಾಗೆಯೇ ಮಾಡಿದ್ದೆ. ವಿದ್ಯಾರ್ಥಿಗಳು ಎಲ್ಲವನ್ನೂ ಬರೆದುಕೊಂಡರು. ಮುಂದಿನ ವಾರ ಅವರ ನೆನಪಿನಲ್ಲಿ ಉಳಿದಿದ್ದುದು ‘ಪೌರಾತ್ಯ ಮನೋಧರ್ಮ’ ಎಂಬ ಒಂದು ಪದ ಮಾತ್ರ, ಅದೂ ನಾನು ಅರ್ಧ ಯೋಚಿಸಿ ಬಳಸಿದ್ದ ಪದ. ಆಮೇಲಿನ ವರ್ಷಗಳಲ್ಲಿ ನಾನು ಬೇರೆ ದಾರಿ ಹಿಡಿದೆ. ಮೊದಲ ದಿನವೇ ವಿದ್ಯಾರ್ಥಿಗಳ ಕೈಗೆ ಮುದ್ರಿತ ಪುಟಗಳನ್ನು ಕೊಟ್ಟು, ಪರದೆಯ ಮೇಲೆ ಒಂದು ದೃಶ್ಯವನ್ನು ತೋರಿಸಿ, ಇವೆರಡರ ನಡುವಿನ ಅಂತರವನ್ನು ಅವರೇ ಅಳೆಯುವಂತೆ ಮಾಡುವ ದಾರಿ ಅದು. ಅದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ತರಗತಿಗೆ ಮೊದಲು

ಪಠ್ಯವನ್ನು ಆಯುವಾಗ ಒಂದೇ ನಿಯಮ ಸಾಕು. ಚೀನಾದ್ದೊಂದು, ಜಪಾನಿನದೊಂದು, ಕೊರಿಯಾದ್ದೊಂದು ಎಂದು ಪಾಲು ಹಂಚಬೇಡಿ; ಒಂದರ ಕಥೆಯೊಳಗೆ ಇನ್ನೊಂದು ಈಗಾಗಲೇ ಇರುವಂಥ ಪುಟಗಳನ್ನು ಆರಿಸಿಕೊಳ್ಳಿ. ನಾನು ಬಳಸುವುದು ಎರಡು ಬರಹಗಳ ತುಣುಕುಗಳನ್ನು. ಮೊದಲನೆಯದು ಚೀನಾದ ಲು ಶುನ್ ತನ್ನ ಮೊದಲ ಕಥಾಸಂಕಲನಕ್ಕೆ 1922ರ ಡಿಸೆಂಬರ್‌ನಲ್ಲಿ ಬರೆದ ಮುನ್ನುಡಿಯ ಒಂದು ಭಾಗ. ಎರಡನೆಯದು ಜಪಾನಿನ ಅಕುತಗವ ರ್ಯೂನೊಸುಕೆ ಅದೇ 1922ರ ಜನವರಿಯಲ್ಲಿ ಪ್ರಕಟಿಸಿದ ‘ಯಬು ನೊ ನಕ’ ಎಂಬ ಸಣ್ಣಕಥೆಯ ಮೊದಲ ಸಾಕ್ಷ್ಯ. ಇವೆರಡರ ಜೊತೆಗೆ, ಆ ಕಥೆಯನ್ನು ಆಧರಿಸಿ ಕುರೊಸವ ಅಕಿರ 1950ರಲ್ಲಿ ನಿರ್ದೇಶಿಸಿದ ‘ರಶೋಮೊನ್’ ಚಿತ್ರದಲ್ಲಿ ಸೌದೆ ಕಡಿಯುವವನು ಕಾಡಿನೊಳಗೆ ನಡೆದುಹೋಗುವ ದೃಶ್ಯ. ಎಲ್ಲ ಸೇರಿ ನಾಲ್ಕು ಪುಟ ಓದು, ಕೆಲವು ನಿಮಿಷಗಳ ಸಿನಿಮಾ. ಮೊದಲ ದಿನಕ್ಕೆ ಇದಕ್ಕಿಂತ ಹೆಚ್ಚು ಬೇಡ.

ಅನುವಾದಗಳನ್ನು ಹೆಸರು ಹೇಳಿಯೇ ಹಂಚಿ. ಲು ಶುನ್‌ನ ಕಥೆಗಳಿಗೆ ಯಾಂಗ್ ಶ್ಯೆನ್‌ಯಿ ಮತ್ತು ಗ್ಲಾಡಿಸ್ ಯಾಂಗ್ ದಂಪತಿ ಮಾಡಿದ ಹಳೆಯ ಇಂಗ್ಲಿಷ್ ಅನುವಾದವೂ ಜೂಲಿಯಾ ಲೊವೆಲ್ ಅವರ ಈಚಿನ ಅನುವಾದವೂ ಇವೆ. ಅಕುತಗವನಿಗೆ ತಕಾಶಿ ಕೊಜಿಮ ಅವರದೂ ಜೇ ರೂಬಿನ್ ಅವರದೂ ಇವೆ. ಒಂದೇ ವಾಕ್ಯವೃಂದವನ್ನು ಎರಡು ಅನುವಾದಗಳಲ್ಲಿ ಅಕ್ಕಪಕ್ಕದಲ್ಲಿ ಮುದ್ರಿಸಿ ಕೊಟ್ಟರೆ, ತಾವು ಓದುತ್ತಿರುವುದು ಮೂಲವನ್ನಲ್ಲ, ಒಬ್ಬ ಮನುಷ್ಯನ ಆಯ್ಕೆಗಳನ್ನು ಎಂಬ ಅರಿವು ವಿದ್ಯಾರ್ಥಿಗಳಿಗೆ ಮೊದಲ ದಿನವೇ ಬರುತ್ತದೆ. ಪಾಠದ ಸಲುವಾಗಿ ಪುಟಗಳ ಪ್ರತಿ ತೆಗೆಯುವುದಕ್ಕೂ, ಸಂಸ್ಥೆಯ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳಿಗಷ್ಟೇ ಚಿತ್ರ ತೋರಿಸುವುದಕ್ಕೂ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಅವಕಾಶ ಕೊಡುತ್ತದೆ. ಈ ಬಗ್ಗೆ ಅಳುಕುವ ಕಾರಣವಿಲ್ಲ.

ಹಿಂದಿನ ದಿನ ಕೊಠಡಿಗೆ ಹೋಗಿ ಪ್ರೊಜೆಕ್ಟರ್ ಹಚ್ಚಿ ನೋಡಿ. ಕಪ್ಪುಬಿಳುಪಿನ ಚಿತ್ರಕ್ಕೆ, ಅದರಲ್ಲೂ ಎಲೆಗಳ ನಡುವೆ ಬಿಸಿಲು ಸೋರುವ ಈ ದೃಶ್ಯಕ್ಕೆ, ಕಿಟಕಿಯ ಬೆಳಕು ದೊಡ್ಡ ಶತ್ರು. ಕಿಟಕಿಗೆ ಪರದೆಗಳಿಲ್ಲದ ಕೊಠಡಿಯಾದರೆ ಬೇರೆ ಕೊಠಡಿ ಕೇಳಿ ಪಡೆಯಿರಿ. ಅದೂ ಆಗದಿದ್ದರೆ ಕಿಟಕಿಗಳಿಗೆ ದಪ್ಪ ಕಾಗದ ಅಂಟಿಸಿಯಾದರೂ ಕತ್ತಲೆ ಮಾಡಿಕೊಳ್ಳಿ.

ಮೊದಲ ಹದಿನೈದು ನಿಮಿಷ

ಪರಿಚಯ ಹೇಳಿಕೊಳ್ಳುವ ಸುತ್ತನ್ನು ಪೂರ್ತಿ ಬಿಟ್ಟುಬಿಡಬೇಕಾಗಿಲ್ಲ. ಅದನ್ನು ಕೆಲಸಕ್ಕೆ ಬರುವಂತೆ ತಿರುಗಿಸಿಕೊಳ್ಳಬಹುದು. ಪ್ರತಿಯೊಬ್ಬರೂ ತಾವು ನೋಡಿದ ಅಥವಾ ಓದಿದ ಪೂರ್ವ ಏಷ್ಯಾದ ಒಂದು ಕೃತಿಯ ಹೆಸರನ್ನೂ, ಅದನ್ನು ಯಾವ ಭಾಷೆಯಲ್ಲಿ ನೋಡಿದರು ಅಥವಾ ಓದಿದರು ಎಂಬುದನ್ನೂ ಹೇಳಲಿ. ಒಬ್ಬ ವಿದ್ಯಾರ್ಥಿನಿ ಕೊರಿಯನ್ ಧಾರಾವಾಹಿಯನ್ನು ಹಿಂದಿ ಡಬ್ಬಿಂಗಿನಲ್ಲಿ ನೋಡಿರುತ್ತಾಳೆ, ಇನ್ನೊಬ್ಬ ಜಪಾನಿನ ಅನಿಮೆಯನ್ನು ಇಂಗ್ಲಿಷ್ ಅಡಿಬರಹಗಳೊಂದಿಗೆ ನೋಡಿರುತ್ತಾನೆ. ಈ ಉತ್ತರಗಳನ್ನು ಹಲಗೆಯ ಒಂದು ಮೂಲೆಯಲ್ಲಿ ಬರೆದು ಕೊನೆಯವರೆಗೂ ಅಳಿಸದೆ ಇಡಿ. ಧಾರಾವಾಹಿ, ಅನಿಮೆಗಳನ್ನು ನೋಡಿ ಬಂದವರನ್ನು ‘ಇಲ್ಲಿ ನಾವು ಗಂಭೀರ ಕೃತಿಗಳನ್ನು ಓದುತ್ತೇವೆ’ ಎಂಬ ಧಾಟಿಯಲ್ಲಿ ಎದುರುಗೊಳ್ಳುವುದು ದೊಡ್ಡ ತಪ್ಪು. ಆ ಮಕ್ಕಳು ಅಡಿಬರಹ ಓದುತ್ತಲೇ ಮುಖಭಾವ ಗಮನಿಸುವ ಅಭ್ಯಾಸವನ್ನು ಆಗಲೇ ಮಾಡಿಕೊಂಡಿರುತ್ತಾರೆ, ಈ ಪತ್ರಿಕೆಗೆ ಅದು ಸಣ್ಣ ಬಂಡವಾಳವೇನಲ್ಲ.

ಇದೇ ಹೊತ್ತಿನಲ್ಲಿ ಹೆಸರುಗಳ ವಿಷಯವನ್ನೂ ಹೇಳಿಬಿಡುವುದು ಒಳ್ಳೆಯದು. ಚೀನೀ, ಜಪಾನೀ, ಕೊರಿಯನ್ ಈ ಮೂರೂ ಭಾಷೆಗಳಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ. ಕುರೊಸವ ಎಂಬುದು ಮನೆತನ, ಅಕಿರ ಎಂಬುದು ಇಟ್ಟ ಹೆಸರು. ರೋಮನ್ ಅಕ್ಷರಗಳಲ್ಲಿ ಬರೆದದ್ದನ್ನು ಇಂಗ್ಲಿಷಿನಂತೆ ಓದುವುದರಿಂದ ‘ಲು ಕ್ಸುನ್’ ಎಂಬಂಥ ರೂಪಗಳು ಹುಟ್ಟಿಕೊಂಡಿವೆ. ಚೀನೀ ಭಾಷೆಯ ಇಂದಿನ ರೋಮನ್ ಬರವಣಿಗೆಯಲ್ಲಿ ಎಕ್ಸ್ ಅಕ್ಷರ ಸೂಚಿಸುವುದು ನಮ್ಮ ‘ಶ’ಕ್ಕೆ ಹತ್ತಿರವಾದ ಧ್ವನಿಯನ್ನು. ಕನ್ನಡ ಬಲ್ಲ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ನಿಜವಾದ ಅನುಕೂಲವಿದೆ. ಜಪಾನೀ ಭಾಷೆ ಹ್ರಸ್ವ ‘ಒ’ ಮತ್ತು ದೀರ್ಘ ‘ಓ’ಗಳನ್ನು ಬೇರೆ ಬೇರೆಯಾಗಿಯೇ ಉಚ್ಚರಿಸುತ್ತದೆ, ಕನ್ನಡ ಲಿಪಿಯಲ್ಲಿ ಎರಡಕ್ಕೂ ಬೇರೆ ಅಕ್ಷರಗಳಿವೆ. ಹಾಗಾಗಿ ಜಪಾನಿನ ಚಿತ್ರನಿರ್ದೇಶಕರ ಹೆಸರುಗಳನ್ನು ಒಜು ಯಸುಜಿರೋ ಎಂದೂ ಓಶಿಮ ನಗಿಸ ಎಂದೂ ನಾವು ಸರಿಯಾಗಿ ಬರೆದುಕೊಳ್ಳಬಹುದು, ರೋಮನ್ ಅಕ್ಷರಗಳಲ್ಲಿ ಈ ವ್ಯತ್ಯಾಸ ಹೆಚ್ಚಾಗಿ ಕಳೆದುಹೋಗುತ್ತದೆ. ಮೇಲಾಗಿ ಜಪಾನೀ, ಕೊರಿಯನ್ ಭಾಷೆಗಳಲ್ಲಿ ಕನ್ನಡದಂತೆಯೇ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಇಂಗ್ಲಿಷ್ ಅನುವಾದ ಆರಂಭದಲ್ಲೇ ಬಿಟ್ಟುಕೊಡುವ ಸಂಗತಿಯನ್ನು ಮೂಲವು ಕೊನೆಯವರೆಗೂ ತಡೆದಿಟ್ಟಿರಬಹುದು ಎಂಬ ಸೂಚನೆಯನ್ನು ಕೊಟ್ಟು ಮುಂದೆ ಸಾಗಿ.

ಲು ಶುನ್‌ನ ಪುಟ

ಈಗ ಮೊದಲ ಹಾಳೆಯನ್ನು ಹಂಚಿ, ಒಬ್ಬರು ಗಟ್ಟಿಯಾಗಿ ಓದಲಿ. ಮುಂಚಿತವಾಗಿ ಇಷ್ಟು ಹೇಳಿದರೆ ಸಾಕು: ಲು ಶುನ್ 1902ರಲ್ಲಿ ಜಪಾನಿಗೆ ಓದಲು ಹೋದವನು, 1904ರಲ್ಲಿ ಸೆಂದೈ ಎಂಬ ಊರಿನ ವೈದ್ಯಕೀಯ ಶಾಲೆಯನ್ನು ಸೇರಿದವನು. ಅಲ್ಲಿ ಸೂಕ್ಷ್ಮಜೀವಿಗಳ ಪಾಠವನ್ನು ಗಾಜಿನ ಫಲಕಗಳಿಂದ ಗೋಡೆಯ ಮೇಲೆ ಬೆಳಕಿನ ಚಿತ್ರ ಮೂಡಿಸಿ ಹೇಳಿಕೊಡುತ್ತಿದ್ದರು. ಪಾಠ ಬೇಗ ಮುಗಿದ ದಿನ ಉಳಿದ ಹೊತ್ತಿನಲ್ಲಿ ಯುದ್ಧದ ಚಿತ್ರಗಳನ್ನು ತೋರಿಸುತ್ತಿದ್ದರು. ರಷ್ಯಾ ಮತ್ತು ಜಪಾನ್‌ಗಳ ನಡುವೆ 1904–05ರಲ್ಲಿ ನಡೆದ ಯುದ್ಧ ಅದು. ಒಂದು ಚಿತ್ರದಲ್ಲಿ, ರಷ್ಯನ್ನರ ಪರ ಬೇಹುಗಾರಿಕೆ ಮಾಡಿದನೆಂಬ ಆರೋಪದ ಮೇಲೆ ಒಬ್ಬ ಚೀನೀಯನನ್ನು ಜಪಾನೀ ಸೈನಿಕರು ಕೊಲ್ಲಲು ನಿಲ್ಲಿಸಿದ್ದಾರೆ. ಸುತ್ತಲೂ ಗಟ್ಟಿಮುಟ್ಟಾದ ಮೈಯ ಚೀನೀಯರೇ ನಿಂತು ನಿರ್ವಿಕಾರವಾಗಿ ನೋಡುತ್ತಿದ್ದಾರೆ. ದೇಹಕ್ಕೆ ಔಷಧಿ ಕೊಡುವುದಕ್ಕಿಂತ ಮೊದಲು ಆಗಬೇಕಾದ ಕೆಲಸ ಬೇರೆ ಇದೆಯೆಂದು ತನಗನ್ನಿಸಿತು, ಅದಕ್ಕಾಗಿ ವೈದ್ಯಕೀಯವನ್ನು ಬಿಟ್ಟು ಸಾಹಿತ್ಯದ ಕಡೆ ಬಂದೆ ಎಂದು ಲು ಶುನ್ ಬರೆಯುತ್ತಾನೆ. ಅವನು ಸೆಂದೈ ಬಿಟ್ಟದ್ದು 1906ರಲ್ಲಿ.

ಓದಿಯಾದ ಮೇಲೆ ನೀವು ಮಾತಾಡಬೇಡಿ. ಒಂದೇ ಪ್ರಶ್ನೆ ಕೇಳಿ: ಈ ಪುಟದಲ್ಲಿ ಯಾರು ಯಾರನ್ನು ನೋಡುತ್ತಿದ್ದಾರೆ? ಉತ್ತರಗಳು ಒಂದರ ಮೇಲೊಂದು ಬರುತ್ತವೆ. ಸಾಯಲಿರುವವನನ್ನು ಗುಂಪು ನೋಡುತ್ತಿದೆ. ಗುಂಪನ್ನು ಕ್ಯಾಮೆರಾ ನೋಡಿದೆ. ಆ ಚಿತ್ರವನ್ನು ಸೆಂದೈಯ ವಿದ್ಯಾರ್ಥಿಗಳು ನೋಡುತ್ತಿದ್ದಾರೆ, ಚಪ್ಪಾಳೆ ತಟ್ಟುತ್ತಿದ್ದಾರೆ. ಅವರ ನಡುವೆ ಕುಳಿತ ಚೀನೀ ವಿದ್ಯಾರ್ಥಿ ಚಿತ್ರವನ್ನೂ ಚಪ್ಪಾಳೆಯನ್ನೂ ನೋಡುತ್ತಿದ್ದಾನೆ. ನಾವು ಅವನನ್ನು ನೋಡುತ್ತಿದ್ದೇವೆ. ಆಧುನಿಕ ಚೀನೀ ಸಾಹಿತ್ಯದ ಬಹು ದೊಡ್ಡ ಲೇಖಕನೊಬ್ಬ ತನ್ನ ಬರವಣಿಗೆಯ ಹುಟ್ಟನ್ನು ಪರದೆಯ ಮೇಲಿನ ಒಂದು ಚಿತ್ರದಲ್ಲಿ ಗುರುತಿಸುತ್ತಾನೆ ಎಂಬುದನ್ನು ಕಂಡ ಮೇಲೆ, ಸಾಹಿತ್ಯವನ್ನೂ ಸಿನಿಮಾವನ್ನೂ ಒಂದೇ ಪತ್ರಿಕೆಯಲ್ಲಿ ಏಕೆ ಓದಬೇಕು ಎಂಬ ಪ್ರಶ್ನೆಗೆ ನೀವು ಬೇರೆ ಸಮರ್ಥನೆ ಕೊಡಬೇಕಾಗುವುದಿಲ್ಲ.

ಭೂಪಟವನ್ನು ತೆಗೆಯಬೇಕಾದದ್ದು ಈಗ. ಯುದ್ಧ ಜಪಾನ್ ಮತ್ತು ರಷ್ಯಾಗಳದ್ದು, ಆದರೆ ನೆಲದ ಮೇಲೆ ಅದು ನಡೆದದ್ದು ಚೀನಾದ ಮಂಚೂರಿಯಾದಲ್ಲಿ. ಪೈಪೋಟಿಯ ಮುಖ್ಯ ಕಾರಣಗಳಲ್ಲೊಂದು ಕೊರಿಯಾದ ಮೇಲಿನ ಹಿಡಿತ. ಒಂದು ಗಾಜಿನ ಫಲಕವನ್ನು ಅರ್ಥಮಾಡಿಕೊಳ್ಳಲು ಇಷ್ಟು ದೇಶಗಳು ಬೇಕಾದವು. ಹಲಗೆಯ ಮೇಲೆ ಬೆರಳೆಣಿಕೆಯ ಇಸವಿಗಳನ್ನಷ್ಟೇ ಬರೆಯಿರಿ: 1895ರಲ್ಲಿ ತೈವಾನ್ ಜಪಾನಿನ ವಶಕ್ಕೆ ಹೋದದ್ದು, 1910ರಲ್ಲಿ ಕೊರಿಯಾ ವಸಾಹತಾದದ್ದು, 1945ರಲ್ಲಿ ಜಪಾನ್ ಸೋತು ಎರಡೂ ಕೈಬಿಟ್ಟದ್ದು, 1949ರಲ್ಲಿ ಚೀನಾದಲ್ಲಿ ಕಮ್ಯುನಿಸ್ಟ್ ಸರ್ಕಾರ ಬಂದದ್ದು, 1950ರಲ್ಲಿ ಕೊರಿಯಾದ ಯುದ್ಧ ಆರಂಭವಾದದ್ದು, 1987ರಲ್ಲಿ ತೈವಾನಿನಲ್ಲಿ ದೀರ್ಘಕಾಲದ ಸೈನಿಕ ಕಾನೂನು ತೆರವಾದದ್ದು. ಈ ಕೊನೆಯ ಇಸವಿ ಇಲ್ಲದೆ ತೈವಾನಿನ ನಿರ್ದೇಶಕ ಹೊವ್ ಶಿಯಾವ್-ಶ್ಯೆನ್ 1989ರಲ್ಲಿ ‘ಎ ಸಿಟಿ ಆಫ್ ಸ್ಯಾಡ್‌ನೆಸ್’ ಚಿತ್ರದಲ್ಲಿ ಅಲ್ಲಿನ 1947ರ ಹತ್ಯಾಕಾಂಡದ ಬಗ್ಗೆ ಏಕೆ ಮಾತಾಡಲು ಸಾಧ್ಯವಾಯಿತು ಎಂಬುದು ತಿಳಿಯುವುದಿಲ್ಲ. ಉಳಿದ ಚರಿತ್ರೆ ಆಯಾ ಕೃತಿಯೊಂದಿಗೆ ಬರಲಿ.

ಇಲ್ಲಿಂದ ಮುಂದಿನ ಕಥೆಗೆ ದಾಟಲು ಒಂದು ಸೇತುವೆ ಲು ಶುನ್‌ನಲ್ಲೇ ಇದೆ. ಅದೇ ಘಟನೆಯನ್ನು ಅವನು 1926ರಲ್ಲಿ ತನ್ನ ಸೆಂದೈಯ ಗುರು ಫುಜಿನೊ ಅವರ ಬಗ್ಗೆ ಬರೆದ ಪ್ರಬಂಧದಲ್ಲಿ ಮತ್ತೆ ಹೇಳುತ್ತಾನೆ. ಮುನ್ನುಡಿಯಲ್ಲಿ ಆ ಮನುಷ್ಯನ ತಲೆ ಕಡಿಯಲಿದ್ದಾರೆ. ಪ್ರಬಂಧದಲ್ಲಿ ಅವನನ್ನು ಗುಂಡಿಟ್ಟು ಕೊಲ್ಲಲಿದ್ದಾರೆ. ಆ ಚಿತ್ರಫಲಕ ನಿಜವಾಗಿ ಇತ್ತೇ ಎಂಬುದರ ಬಗ್ಗೆ ವಿದ್ವಾಂಸರು ದೀರ್ಘಕಾಲ ಚರ್ಚಿಸಿದ್ದಾರೆ. ವಿದ್ಯಾರ್ಥಿಗಳಲ್ಲಿ ಯಾರಾದರೂ ‘ಹಾಗಾದರೆ ಅವನು ಸುಳ್ಳು ಹೇಳಿದನೇ?’ ಎಂದು ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಕೊಡದೆ ಎರಡನೆಯ ಹಾಳೆಯನ್ನು ಹಂಚಿ.

ಮೆಳೆಯೊಳಗೆ

ಅಕುತಗವನ ಕಥೆಯಲ್ಲಿ ಏಳು ಹೇಳಿಕೆಗಳಿವೆ. ಒಬ್ಬ ಸಮುರಾಯ್ ಕಾಡಿನಲ್ಲಿ ಸತ್ತುಬಿದ್ದಿದ್ದಾನೆ; ಸೌದೆ ಕಡಿಯುವವನು, ಸಂಚಾರಿ ಭಿಕ್ಷು, ಕಳ್ಳನನ್ನು ಹಿಡಿದ ಅಧಿಕಾರಿ, ಸತ್ತವನ ಅತ್ತೆ, ದರೋಡೆಕೋರ, ಸತ್ತವನ ಹೆಂಡತಿ, ಕೊನೆಗೆ ಮೈಮೇಲೆ ಬಂದ ಹೆಂಗಸಿನ ಬಾಯಿಂದ ಸತ್ತವನೇ, ಹೀಗೆ ಒಬ್ಬೊಬ್ಬರೂ ಹೇಳುತ್ತಾರೆ. ಹೇಳಿಕೆಗಳು ಕೂಡಿ ಬರುವುದಿಲ್ಲ. ಮೊದಲ ದಿನ ಓದಬೇಕಾದದ್ದು ಸೌದೆಯವನ ಮಾತುಗಳನ್ನು ಮಾತ್ರ.

ಓದುವ ಮೊದಲು ಶೀರ್ಷಿಕೆಯ ಮೇಲೆ ಐದು ನಿಮಿಷ ನಿಲ್ಲಿ. ‘ಯಬು’ ಎಂದರೆ ಬಿದಿರು ಗಿಡಗಂಟಿಗಳು ಒತ್ತಾಗಿ ಬೆಳೆದ ಜಾಗ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ‘ಇನ್ ಎ ಗ್ರೋವ್’ ಎಂದಿರುವುದನ್ನು ನೇರವಾಗಿ ಕನ್ನಡಕ್ಕೆ ತಂದರೆ ‘ತೋಪಿನಲ್ಲಿ’ ಎಂದಾಗುತ್ತದೆ. ತೋಪು ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಸಾಲಾಗಿ ನೆಟ್ಟ ಮಾವು, ತೆಂಗು, ಕೆಳಗೆ ಗುಡಿಸಿದ ನೆಲ. ಅಲ್ಲಿ ಯಾವುದೂ ಮುಚ್ಚಿಡಲಾಗುವುದಿಲ್ಲ. ಕನ್ನಡದಲ್ಲಿ ‘ಬಿದಿರು ಮೆಳೆ’ ಎಂಬ ಮಾತಿದೆ. ‘ಮೆಳೆಯೊಳಗೆ’ ಎಂದು ಕರೆದಾಗ ಒಳಗಿರುವುದು ಹೊರಗೆ ಕಾಣದು ಎಂಬ ಭಾವ ತಾನಾಗಿ ಬರುತ್ತದೆ. ಈ ಕಥೆಯಿಂದಾಗಿ ಜಪಾನೀ ಮಾತಿನಲ್ಲಿ ‘ಮೆಳೆಯೊಳಗಿದೆ’ ಎಂದರೆ ನಿಜ ಏನೆಂದು ಇತ್ಯರ್ಥವಾಗದ ವಿಷಯ ಎಂಬ ಅರ್ಥವೇ ನಿಂತಿದೆ. ತರಗತಿಯಲ್ಲಿ ತುಳು, ಕೊಂಕಣಿ, ಉರ್ದು, ತಮಿಳು ಆಡುವವರಿದ್ದರೆ ಅವರವರ ಭಾಷೆಯ ಪದವನ್ನೂ ಕೇಳಿ ಬರೆದುಕೊಳ್ಳಿ. ಇಂಗ್ಲಿಷ್ ಅನುವಾದವೇ ಕೊನೆಯ ಮಾತಲ್ಲ ಎಂಬ ಧೈರ್ಯ ವಿದ್ಯಾರ್ಥಿಗಳಿಗೆ ಬರುವುದು ಇಂಥ ಚಿಕ್ಕ ಕೆಲಸದಿಂದಲೇ.

ಸೌದೆಯವನ ಹೇಳಿಕೆಯಲ್ಲಿ ನ್ಯಾಯಾಧಿಕಾರಿಯ ಪ್ರಶ್ನೆಗಳಿಲ್ಲ, ಉತ್ತರಗಳಷ್ಟೇ ಇವೆ. ಹೌದು, ಹೆಣವನ್ನು ಕಂಡದ್ದು ನಾನೇ, ಎಂದಿನಂತೆ ಬೆಳಿಗ್ಗೆ ಮರ ಕಡಿಯಲು ಹೋಗಿದ್ದೆ, ಕತ್ತಿಯೇನೂ ಕಾಣಲಿಲ್ಲ, ಮರದ ಬುಡದಲ್ಲಿ ಒಂದು ಹಗ್ಗ ಬಿದ್ದಿತ್ತು, ಒಂದು ಬಾಚಣಿಗೆಯೂ ಇತ್ತು, ಕುದುರೆ ನುಗ್ಗಲಾಗದ ಜಾಗ ಅದು. ಮಾತಿನ ಸಾರ ಇಷ್ಟೇ. ಕಾಡಿಗೆ ಹೋದ ದಾರಿಯ ಬಗ್ಗೆ ಅವನು ಏನನ್ನೂ ಹೇಳುವುದಿಲ್ಲ. ಕುರೊಸವ ದೀರ್ಘವಾಗಿ ತೋರಿಸುವುದು ಆ ಹೇಳದ ದಾರಿಯನ್ನೇ.

ದೃಶ್ಯವನ್ನು ಮೂರು ಸಲ ತೋರಿಸಿ. ಮೊದಲ ಸಲ ಸುಮ್ಮನೆ ನೋಡಲಿ. ನಡಿಗೆಯಲ್ಲಿ ಮಾತಿಲ್ಲದ ಕಾರಣ ಅಡಿಬರಹದ ಚಿಂತೆಯೂ ಇಲ್ಲ. ಎರಡನೆಯ ಸಲ ಪ್ರತಿ ಶಾಟ್ ಬದಲಾದಾಗ ಹಾಳೆಯ ಮೇಲೆ ಒಂದು ಗೆರೆ ಹಾಕಲಿ, ಕ್ಯಾಮೆರಾ ಸೌದೆಯವನ ಮುಂದಿದೆಯೋ ಹಿಂದಿದೆಯೋ ಪಕ್ಕದಲ್ಲಿದೆಯೋ ಗುರುತಿಸಲಿ. ಮೂರನೆಯ ಸಲ ಶಬ್ದ ಆರಿಸಿ ತೋರಿಸಿ. ಹಯಸಕ ಫುಮಿಒ ಅವರ ಸಂಗೀತ ನಿಂತೊಡನೆ ಅದೇ ನಡಿಗೆ ಬೇರೆಯಾಗಿ ಕಾಣುವುದನ್ನು ವಿದ್ಯಾರ್ಥಿಗಳೇ ಹೇಳುತ್ತಾರೆ. ಛಾಯಾಗ್ರಾಹಕ ಮಿಯಗವ ಕಜುಒ ಎಲೆಗಳ ನಡುವಿನಿಂದ ಕ್ಯಾಮೆರಾವನ್ನು ಸೂರ್ಯನ ಕಡೆಗೇ ತಿರುಗಿಸಿದ್ದರು, ಕಾಡಿನ ನೆರಳಿನಲ್ಲಿ ನಟರ ಮೇಲೆ ಬೆಳಕು ಬೀಳಿಸಲು ಕನ್ನಡಿಗಳನ್ನು ಬಳಸಿದ್ದರು ಎಂಬ ವಿವರಗಳನ್ನು ಈಗ ಹೇಳಬಹುದು, ಮೊದಲೇ ಹೇಳಬಾರದು. ಕಣ್ಣಿಗೆ ಬಿಸಿಲು ಚುಚ್ಚಿದ್ದನ್ನು ತಾವೇ ಅನುಭವಿಸಿದ ಮೇಲೆ ಆ ಮಾಹಿತಿಗೆ ಬೆಲೆ.

ಆಮೇಲೆ ಕಥೆಯನ್ನೂ ದೃಶ್ಯವನ್ನೂ ಎದುರುಬದುರು ಇಡಿ. ಚಿತ್ರದ ಸೌದೆಯವನಿಗೆ ದಾರಿಯಲ್ಲಿ ಹೆಂಗಸಿನ ಟೋಪಿ ಸಿಗುತ್ತದೆ, ಗಂಡಸಿನ ಟೋಪಿ ಸಿಗುತ್ತದೆ, ಹಗ್ಗ ಸಿಗುತ್ತದೆ, ತಾಯಿತದ ಚೀಲ ಸಿಗುತ್ತದೆ, ಕೊನೆಗೆ ಹೆಣ. ಕಥೆಯ ಬಾಚಣಿಗೆ ಎಲ್ಲಿ ಹೋಯಿತು? ವಸ್ತುಗಳನ್ನು ಒಂದೊಂದಾಗಿ ಎದುರಿಗೆ ತರುವ ಕ್ಯಾಮೆರಾ ಅವನ ಪರವಾಗಿ ಸಾಕ್ಷಿ ನುಡಿಯುತ್ತಿದೆಯೇ, ಅವನನ್ನು ಬೆನ್ನಟ್ಟುತ್ತಿದೆಯೇ? ನ್ಯಾಯಾಧಿಕಾರಿಯ ಮುಖವನ್ನೂ ಧ್ವನಿಯನ್ನೂ ಚಿತ್ರವು ನಮಗೆ ಕೊಡುವುದಿಲ್ಲ. ಸಾಕ್ಷಿಗಳು ಕ್ಯಾಮೆರಾಕ್ಕೆ ಎದುರಾಗಿ ಕುಳಿತು ಮಾತಾಡುತ್ತಾರೆ. ಅಂದರೆ ಕಥೆಯಲ್ಲಿ ಪ್ರಶ್ನೆಗಳನ್ನು ಬಿಟ್ಟು ಉತ್ತರಗಳನ್ನಷ್ಟೇ ಬರೆದ ಉಪಾಯಕ್ಕೆ ಸಿನಿಮಾ ತನ್ನದೇ ಆದ ಸಾಟಿಯನ್ನು ಹುಡುಕಿಕೊಂಡಿದೆ, ನ್ಯಾಯಾಧಿಕಾರಿಯ ಜಾಗದಲ್ಲಿ ನಮ್ಮನ್ನು ಕೂರಿಸಿದೆ. ಸೌದೆಯವನ ಬಗ್ಗೆ ಚಿತ್ರ ಮುಂದೆ ಏನನ್ನು ಬಯಲುಮಾಡುತ್ತದೆ ಎಂಬುದನ್ನು ಯಾವ ಕಾರಣಕ್ಕೂ ಮೊದಲ ದಿನ ಹೇಳಬೇಡಿ. 88 ನಿಮಿಷಗಳ ಪೂರ್ಣ ಚಿತ್ರವನ್ನು ಎರಡನೆಯ ವಾರ ನೋಡಿದ ವಿದ್ಯಾರ್ಥಿಗಳು ಈ ನಡಿಗೆಗೆ ತಾವಾಗಿಯೇ ಹಿಂತಿರುಗಿ ಬರುತ್ತಾರೆ.

ಇನ್ನೊಂದು ಸಂಗತಿಯನ್ನು ಇಲ್ಲಿ ಸೇರಿಸಿ, ಏಕೆಂದರೆ ಎರಡೂ ಹಾಳೆಗಳನ್ನು ಅದು ಗಂಟುಹಾಕುತ್ತದೆ. ಚಿತ್ರಕ್ಕೆ ಹೆಸರನ್ನೂ ಮುರಿದ ಹೆಬ್ಬಾಗಿಲ ಹಿನ್ನೆಲೆಯನ್ನೂ ಕೊಟ್ಟದ್ದು ಅಕುತಗವನ ಇನ್ನೊಂದು ಕಥೆ, 1915ರ ‘ರಶೋಮೊನ್’. ಆ ಕಥೆಯನ್ನು 1921ರಲ್ಲಿ ಚೀನೀ ಭಾಷೆಗೆ ಅನುವಾದಿಸಿದವನು ಲು ಶುನ್. ಅದೇ ವರ್ಷ ಅಕುತಗವ ಒಂದು ಪತ್ರಿಕೆಯ ವರದಿಗಾರನಾಗಿ ಚೀನಾದಲ್ಲಿ ಪ್ರವಾಸ ಮಾಡುತ್ತಿದ್ದ. ಚಪ್ಪಾಳೆಯ ನಡುವೆ ಅವಮಾನ ನುಂಗಿ ಕುಳಿತಿದ್ದ ವಿದ್ಯಾರ್ಥಿ ಹದಿನೈದು ವರ್ಷಗಳ ನಂತರ ಜಪಾನಿನ ಹೊಸ ಲೇಖಕನನ್ನು ತನ್ನ ಜನರಿಗೆ ಓದಿಸಲು ಶ್ರಮಪಟ್ಟ. ‘ಪೂರ್ವ ಏಷ್ಯಾ’ ಎಂಬುದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ವಿವರಣೆ ಇದು. ಯಾವ ಮನೋಧರ್ಮದ ಸಿದ್ಧಾಂತಕ್ಕಿಂತಲೂ ಇದನ್ನು ನಾನು ನಂಬುತ್ತೇನೆ.

ಕೇಳಬಹುದಾದ ಪ್ರಶ್ನೆಗಳು

ನಮಗೂ ಇದಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ ಸಿದ್ಧರಾಗಿರಿ. ಅಕುತಗವ ಈ ಎರಡೂ ಕಥೆಗಳ ಎಳೆಯನ್ನು ತೆಗೆದುಕೊಂಡದ್ದು ‘ಕೊಂಜಕು ಮೊನೊಗತರಿಶೂ’ ಎಂಬ ಹನ್ನೆರಡನೆಯ ಶತಮಾನದ ಕಥಾಕೋಶದಿಂದ. ಅದರಲ್ಲಿ ಸಾವಿರಕ್ಕೂ ಹೆಚ್ಚು ಕಥೆಗಳಿವೆ. ಮೊದಲ ಐದು ಸಂಪುಟಗಳು ಭಾರತದ ಕಥೆಗಳಿಗೇ ಮೀಸಲು, ಆಮೇಲೆ ಚೀನಾದವು, ಕೊನೆಗೆ ಜಪಾನಿನವು. ಐದನೆಯ ಸಂಪುಟದಲ್ಲಿ ಮಳೆಯನ್ನು ತಡೆದ ಒಂಟಿಕೊಂಬಿನ ಋಷಿಯೂ ಅವನನ್ನು ಮರುಳುಮಾಡಿದ ಹೆಣ್ಣೂ ಬರುತ್ತಾರೆ. ಅವನು ನಮ್ಮ ಋಷ್ಯಶೃಂಗನೇ; ಶೃಂಗೇರಿಗೆ ಹೆಸರು ಕೊಟ್ಟ, ಪಕ್ಕದ ಕಿಗ್ಗದಲ್ಲಿ ದೇವಸ್ಥಾನವಿರುವ ಋಷ್ಯಶೃಂಗ. ಬೌದ್ಧ ಗ್ರಂಥಗಳೊಂದಿಗೆ ಚೀನಾದ ಮೂಲಕ ಹೋದ ಆ ಕಥೆ ಜಪಾನಿನ ಸಾಂಪ್ರದಾಯಿಕ ರಂಗಪ್ರಕಾರಗಳಾದ ನೋ ನಾಟಕವೂ ಆಗಿದೆ, ಕಬುಕಿಯೂ ಆಗಿದೆ. ಇದು ಚೆನ್ನಾದ ಉತ್ತರ, ಆದರೆ ಕೇಳಿದರೆ ಮಾತ್ರ ಹೇಳಿ. ಎಲ್ಲವೂ ನಮ್ಮಿಂದಲೇ ಹೋಯಿತು ಎಂಬ ಸಮಾಧಾನದಲ್ಲಿ ತರಗತಿ ನಿಂತುಬಿಟ್ಟರೆ, ಅಲ್ಲಿ ಅದು ಏನಾಯಿತು ಎಂದು ನೋಡುವ ಕುತೂಹಲ ಸಾಯುತ್ತದೆ. ಹಾಗೆಯೇ ಬೇರೆ ಬೇರೆಯವರ ದೃಷ್ಟಿಯಿಂದ ಕಥೆ ಹೇಳುವ 2014ರ ‘ಉಳಿದವರು ಕಂಡಂತೆ’ಯ ಹೋಲಿಕೆಯೂ ತಾನಾಗಿ ಬರುತ್ತದೆ. ಸ್ವಾಗತಿಸಿ, ಕೊನೆಯ ವಾರಗಳಿಗೆ ಕಾದಿರಿಸಿ.

ಕೊನೆಯ ಹತ್ತು ನಿಮಿಷಗಳಲ್ಲಿ ನಿಯಮಗಳನ್ನು ಹೇಳಿ. ಮುಂದಿನ ಪಟ್ಟಿಯನ್ನು ಜೋಡಿಗಳಾಗಿಯೇ ಕೊಡಿ: ಉಎದ ಅಕಿನರಿಯ 1776ರ ಕಥೆಗಳು ಮತ್ತು ಮಿಜೊಗುಚಿ ಕೆಂಜಿಯ 1953ರ ‘ಉಗೆತ್ಸು’, ಚೀನಾದ ಮೊ ಯಾನ್‌ನ ಕಾದಂಬರಿ ‘ರೆಡ್ ಸೋರ್ಗಮ್’ ಮತ್ತು ಜಾಂಗ್ ಯಿಮೋ ಅದನ್ನು ಆಧರಿಸಿ ಮಾಡಿ, 1988ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಚಿನ್ನದ ಕರಡಿ ಪ್ರಶಸ್ತಿ ಪಡೆದ ಚಿತ್ರ, ಮುರಕಮಿ ಹರುಕಿಯ ಒಂದು ಸಣ್ಣಕಥೆ ಮತ್ತು ಅದನ್ನು ಕೊರಿಯಾಕ್ಕೆ ತಂದ ಲೀ ಚಾಂಗ್-ದಾಂಗ್‌ನ 2018ರ ‘ಬರ್ನಿಂಗ್’. ಒಂದು ವಿಷಯವನ್ನು ಮಾತ್ರ ಅವಸರ ಮಾಡದೆ ಸ್ಪಷ್ಟವಾಗಿ ಹೇಳಬೇಕು. ‘ಮೆಳೆಯೊಳಗೆ’ ಕಥೆಯ ನಡುವೆ ಒಂದು ಅತ್ಯಾಚಾರವಿದೆ, ಪಟ್ಟಿಯ ಬೇರೆ ಕೃತಿಗಳಲ್ಲೂ ತೀವ್ರ ಹಿಂಸೆಯಿದೆ. ಯಾವ ವಾರ ಏನು ಬರುತ್ತದೆ ಎಂದು ಮುಂಚಿತವಾಗಿ ತಿಳಿಸಿ. ಕಷ್ಟವೆನ್ನಿಸಿದವರು ಕಾರಣ ಹೇಳದೆಯೇ ನಿಮ್ಮನ್ನು ಕಂಡು ಬೇರೆ ಪಠ್ಯ ಕೇಳಬಹುದೆಂದು ಭರವಸೆ ಕೊಡಿ. ದರೋಡೆಕೋರ, ಹೆಂಡತಿ, ಸತ್ತವನು ಈ ಮೂವರ ಹೇಳಿಕೆಗಳಲ್ಲಿ ಆ ಹೆಣ್ಣು ಮೂರು ರೀತಿಯಾಗಿ ಚಿತ್ರಿತಳಾಗುವುದನ್ನು ‘ಸತ್ಯ ಸಾಪೇಕ್ಷ’ ಎಂಬ ಒಂದು ಮಾತಿನಲ್ಲಿ ಮುಗಿಸಿಬಿಡುವ ಚರ್ಚೆಗೆ ತರಗತಿಯಲ್ಲಿ ಎಡೆಗೊಡಬಾರದು. ಹಿಂಸೆ ನಡೆದದ್ದರ ಬಗ್ಗೆ ಹೇಳಿಕೆಗಳಲ್ಲಿ ಭಿನ್ನಾಭಿಪ್ರಾಯವಿಲ್ಲ.

ಎಲ್ಲರೂ ಏಳುವ ಮೊದಲು ಅರ್ಧ ಪುಟ ಬರೆಸಿ: ಸೌದೆಯವನು ಬಾಯಿಬಿಟ್ಟು ಹೇಳದ, ಆದರೆ ಕ್ಯಾಮೆರಾ ಹೇಳಿದ ಒಂದು ಸಂಗತಿ. ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಬರೆಯಬಹುದು, ಅಂಕವಿಲ್ಲ. ಮುಂದಿನ ತರಗತಿಗೆ ಏಳೂ ಹೇಳಿಕೆಗಳನ್ನು ಓದಿಕೊಂಡು, ಪ್ರತಿ ಉತ್ತರದ ಪಕ್ಕದಲ್ಲಿ ನ್ಯಾಯಾಧಿಕಾರಿ ಕೇಳಿರಬಹುದಾದ ಪ್ರಶ್ನೆಯನ್ನು ಪೆನ್ಸಿಲಿನಲ್ಲಿ ಬರೆದು ತರಲು ಹೇಳಿ. ಸತ್ತವನಿಗೆ ಅವನು ಏನು ಕೇಳಿರಬಹುದು ಎಂಬಲ್ಲಿಂದ ಎರಡನೆಯ ತರಗತಿಯನ್ನು ಆರಂಭಿಸಬಹುದು.